ಆಯಾಮ ಅಂದರೆ ಲೋಕ ಅಲ್ಲ

ಹೊಸದಾಗಿ ಭೌತಶಾಸ್ತ್ರ ಕಲಿಸಲು ಹೊರಟವರಿಗೆ ನನ್ನ ಮೊದಲ ಬುದ್ಧಿಮಾತು ಇಷ್ಟೇ: ನಿಮ್ಮ ಸಿಟ್ಟನ್ನು ಜೋಪಾನ ಮಾಡಿಟ್ಟುಕೊಳ್ಳಿ. ಹೋಮ್‌ವರ್ಕ್ ತರದ ಹುಡುಗನ ಮೇಲೆ, ಸೀಮೆಸುಣ್ಣ ಕೊಡದ ಗುಮಾಸ್ತನ ಮೇಲೆ ಸುರಿದುಬಿಟ್ಟರೆ ನಿಜವಾಗಿ ಬೇಕಾದ ದಿನ ಅದು ಕೈಯಲ್ಲಿ ಇರುವುದಿಲ್ಲ.

ನಾನು ಹೊಸಪೇಟೆಯ ಒಂದು ಪದವಿಪೂರ್ವ ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸಿ ನಿವೃತ್ತಳಾದವಳು. ಈಗ ಬರೀ ಮನೆಯಾಕೆ. ಬೆಳಿಗ್ಗೆ ರಂಗೋಲಿ, ಪೂಜೆ, ಆಮೇಲೆ ಒಲೆ. ಸೋಮವಾರ ಒಪ್ಪೊತ್ತು. ಮೊಣಕಾಲು ನೋಯುತ್ತದೆ, ಕಣ್ಣು ಚೆನ್ನಾಗಿದೆ; ದೇವರು ಎರಡನ್ನೂ ಒಟ್ಟಿಗೆ ಕಿತ್ತುಕೊಂಡಿಲ್ಲ, ಅದೊಂದು ಪುಣ್ಯ. ಹೋದ ವಾರ ನಮ್ಮ ಮನೆತನದ ವಾಟ್ಸಾಪ್ ಗುಂಪಿನಲ್ಲಿ ಒಂದು ವಿಡಿಯೊ ಬಂತು. ಶಾಲು ಹೊದ್ದ ಒಬ್ಬರು, ವಿಜ್ಞಾನಿಗಳು ಐದನೇ ಆಯಾಮವನ್ನು ಕಂಡುಹಿಡಿದಾಯಿತು, ತೀರಿಹೋದ ಹಿರಿಯರೆಲ್ಲ ಅಲ್ಲಿಯೇ ಇದ್ದಾರೆ ಎನ್ನುತ್ತಿದ್ದರು. ನನ್ನ ನೆಗೆಣ್ಣಿ ಅದರ ಕೆಳಗೆ ಕೈಮುಗಿದ ಚಿತ್ರ ಹಾಕಿದ್ದಳು. ನಾನು "ಯಾರು ಕಂಡುಹಿಡಿದರು? ಯಾವ ಪ್ರಯೋಗದಲ್ಲಿ?" ಎಂದು ಬರೆದೆ. ಮಾರನೇ ದಿನ ಗುಲಾಬಿ ಹೂವಿನ ಜೊತೆ ಶುಭೋದಯ ಬಂತು. ಗುಂಪಿನಿಂದ ನನ್ನನ್ನು ತೆಗೆಯಲಿಲ್ಲ, ಅದೂ ಒಂದು ಪುಣ್ಯವೇ.

"ರಿಟೈರ್ ಆದ ಮ್ಯಾಲೂ ನಿನ್ನ ಪಾಠ ಮುಗೀಲಿಲ್ಲ ನೋಡು," ಎಂದರು ನಮ್ಮ ಮನೆಯವರು. ಮುಗಿದಿಲ್ಲ. ಯಾಕೆ ಮುಗಿದಿಲ್ಲ ಎಂದು ಬರೆಯಲು ಕೂತಿದ್ದೇನೆ.

ಪ್ರತಿ ವರ್ಷ, ಮೊದಲ ಅಧ್ಯಾಯ ಮುಗಿಯುವ ಮೊದಲೇ, ಹಿಂದಿನ ಬೆಂಚಿನಿಂದ ಒಂದು ಕೈ ಏಳುತ್ತದೆ. "ಮೇಡಂ, ನಾಕನೇ ಆಯಾಮ ಖರೇನ ಐತೇನ್ರಿ? ಐದನೇದು?" ಈ ಪ್ರಶ್ನೆಯನ್ನು ಎಂದೂ ಗದರಿ ಕೂರಿಸಬೇಡಿ. ಅದು ಒಳ್ಳೆಯ ಪ್ರಶ್ನೆ. ನಾನು ಆ ಹುಡುಗನನ್ನು ಕೋಣೆಯ ಮೂಲೆಗೆ ಕರೆಯುತ್ತಿದ್ದೆ. ನೆಲದ ಮೇಲೆ ಎರಡು ಕಡ್ಡಿ, ಎರಡು ಗೋಡೆಗಳ ಗುಂಟ. ಅವು ಕೂಡುವ ಕಡೆಯಿಂದ ಮೇಲಕ್ಕೆ ಒಂದು. ಮೂರೂ ಒಂದಕ್ಕೊಂದು ಲಂಬ. "ಈಗ ಈ ಮೂರಕ್ಕೂ ಲಂಬ ಆಗೋ ಹಂಗ ಇನ್ನೊಂದು ಕಡ್ಡಿ ಇಡಪ್ಪ."

ಹುಡುಗ ಆ ಕಡೆ ಈ ಕಡೆ ತಿರುಗಿಸಿ ಸೋಲುತ್ತಿದ್ದ. "ಇಡಾಕ ಬರಂಗಿಲ್ರಿ ಮೇಡಂ. ಕೈ ಗ್ವಾಡ್ಯಾಗ ಹೋಕ್ಕತಿ."

"ಕಾಗದದ ಮ್ಯಾಲೆ ಬರ್ತತಿ," ಎಂದು ನಾನು ಬೋರ್ಡಿನ ಕಡೆ ಹೋಗುತ್ತಿದ್ದೆ. ಒಂದು ಜಾಗವನ್ನು ಗುರುತಿಸಲು ಮೂರು ಸಂಖ್ಯೆ ಬರೆದವರಿಗೆ ನಾಲ್ಕನೆಯದು, ಹತ್ತನೆಯದು ಬರೆಯಲು ಅಡ್ಡಿಯೇನೂ ಇಲ್ಲ. ಗಣಿತ ಒಪ್ಪುತ್ತದೆ. ಲೋಕ ಒಪ್ಪುತ್ತದೋ ಇಲ್ಲವೋ ಎನ್ನುವುದನ್ನು ಬೇರೆಯಾಗಿ ಕೇಳಬೇಕು. ಕಾಲವನ್ನು ನಾಲ್ಕನೆಯದಾಗಿ ಸೇರಿಸಿಕೊಂಡರು. ಕೇಳಿದಾಗ ಲೋಕ ಒಪ್ಪಿತು. ಉಪಗ್ರಹದಲ್ಲಿರುವ ಗಡಿಯಾರ ನೆಲದ ಗಡಿಯಾರದ ಲೆಕ್ಕಕ್ಕೆ ನಡೆಯುವುದಿಲ್ಲ. ಆ ವ್ಯತ್ಯಾಸ ಸರಿಪಡಿಸದಿದ್ದರೆ ಹಂಪಿಗೆ ಹೋಗುವ ಆಟೊದವನ ಫೋನಿನಲ್ಲಿ ದಾರಿ ತಪ್ಪುತ್ತದೆ. ಐದನೆಯದರ ಬಗ್ಗೆ ದೊಡ್ಡ ದೊಡ್ಡ ಭೌತವಿಜ್ಞಾನಿಗಳೇ ಕಾಗದದ ಮೇಲೆ ಬರೆದಿದ್ದಾರೆ. ಬರೆದು ಸುಮ್ಮನಾಗಲಿಲ್ಲ. ಅದು ಇದ್ದರೆ ತೀರಾ ಹತ್ತಿರದ ಎರಡು ವಸ್ತುಗಳ ನಡುವಿನ ಗುರುತ್ವದ ಸೆಳೆತ ಬದಲಾಗಬೇಕು ಎಂದರು. ಕೂದಲೆಳೆಯ ದಪ್ಪದಷ್ಟು ಹತ್ತಿರಕ್ಕೆ ತಂದು ಅಳೆದರು. ಬದಲಾಗಲಿಲ್ಲ. ಇಲ್ಲಿಯವರೆಗೆ ಸಿಕ್ಕಿಲ್ಲ, ಹುಡುಕುತ್ತಿದ್ದೇವೆ ಎಂದರು. ಇಂಥವರ ಕಾಲಿಗೆ ಬೀಳಬೇಕು ಅನ್ನಿಸುತ್ತದೆ ನನಗೆ. ತಾವು ಹೆತ್ತ ಊಹೆಯನ್ನು ತಾವೇ ತಕ್ಕಡಿಗೆ ಹಾಕುವುದು ಸಣ್ಣ ಮಾತಲ್ಲ.

ಇನ್ನು ಉಳಿದದ್ದು ಕಥೆ. ಕಥೆ ಎಂದು ಹೇಳಿ ಹೇಳಿದರೆ ನನಗೂ ಇಷ್ಟವೇ. ಕಥೆಗೆ ಪ್ರಯೋಗಾಲಯದ ಅಂಗಿ ತೊಡಿಸಿ ತಂದು ನಿಲ್ಲಿಸಿದರೆ ಮೈ ಉರಿಯುತ್ತದೆ.

ಈ ವ್ಯತ್ಯಾಸ ನನಗೆ ಕೆಲಸದಲ್ಲಿ ಅರ್ಥವಾದದ್ದು ಸಂಡೂರಿನಲ್ಲಿ. ನನ್ನ ಮೊದಲ ನೇಮಕ ಅಲ್ಲಿ. ಪ್ರಯೋಗಾಲಯ ನೋಡಿಕೊಳ್ಳುತ್ತಿದ್ದವರು ಖಾಜಾ ಸರ್, ನನಗಿಂತ ಬಹಳ ಹಿರಿಯರು. ಯಾರು ಏನು ಹೇಳಿದರೂ, ಅಳೆದು ನೋಡಿದಿರಾ ಎನ್ನುವಂತೆ, ಅವರದು ಒಂದೇ ಪ್ರಶ್ನೆ: "ಸೂಜಿ ಅಲ್ಲಾಡಿತೇನು?" ಒಂದು ಸಲ ದಿಕ್ಸೂಚಿಯ ಪ್ರಯೋಗದಲ್ಲಿ ಒಂದು ಮೇಜಿನ ಹುಡುಗಿಯರಿಗೆ ಮಾತ್ರ ಸೂಜಿ ಹುಚ್ಚುಹುಚ್ಚಾಗಿ ವಾಲುತ್ತಿತ್ತು. ಬೇರೆ ಮೇಜಿನಲ್ಲಿ ಸರಿ, ಅಲ್ಲಿ ತಪ್ಪು. ಆ ಮೂಲೆಯಲ್ಲಿ ಹಿಂದೆ ಯಾರೋ ಸತ್ತಿದ್ದರೆಂದು ಒಬ್ಬಳು ಅಂದಳು. ಮಧ್ಯಾಹ್ನದೊಳಗೆ ಅದು ಇಡೀ ಕಾಲೇಜಿನ ಸುದ್ದಿ. ಹುಡುಗಿಯರು ಅತ್ತ ಹೋಗಲು ಒಪ್ಪಲಿಲ್ಲ.

ಖಾಜಾ ಸರ್ ಬಂದು ಮೇಜಿನ ಮುಂದೆ ಕುಕ್ಕರಗಾಲಲ್ಲಿ ಕೂತರು. ಕಾಗದ ಹಾರದಿರಲೆಂದು ಯಾರೋ ಇಟ್ಟಿದ್ದ ಕಪ್ಪು ಕಲ್ಲನ್ನು ಎತ್ತಿಕೊಂಡು ಹೊರಗೆ ನಡೆದರು. ಸೂಜಿ ನೆಟ್ಟಗಾಯಿತು. ವಾಪಸ್ಸು ತಂದರು, ವಾಲಿತು. ಸುತ್ತಲಿನ ಗುಡ್ಡದ್ದೇ ಕಬ್ಬಿಣದ ಅದಿರು, ಆಯಸ್ಕಾಂತಕ್ಕೆ ಸೋಲುವ ಜಾತಿಯದು.

"ನೋಡ್ರವ್ವಾ, ಸತ್ತಾಕಿ ಇವಳೇ," ಎಂದರು ಕಲ್ಲನ್ನು ಎಲ್ಲರ ಕೈಗೂ ಕೊಟ್ಟು. "ಭಾಳ ಭಾರ ಅದಾಳ."

ಹುಡುಗಿಯರು ನಕ್ಕು ಸುಸ್ತಾದರು. ನಂಬಿದವರನ್ನು ಖಾಜಾ ಸರ್ ಬೈಯಲಿಲ್ಲ ಎನ್ನುವುದನ್ನು ಗಮನಿಸಿ. ನನಗೆ ಆ ಸಹನೆ ಕೊನೆಯವರೆಗೂ ಬರಲಿಲ್ಲ.

ಹೊಸಪೇಟೆಗೆ ವರ್ಗವಾದ ಮೇಲೆ ಮಕ್ಕಳನ್ನು ಪ್ರತಿ ವರ್ಷ ಹಂಪಿಗೆ ಕರೆದೊಯ್ಯುತ್ತಿದ್ದೆ. ವಿರೂಪಾಕ್ಷನ ಗುಡಿಯ ಕತ್ತಲೆ ಕೋಣೆಯ ಗೋಡೆಯ ಮೇಲೆ ಒಂದು ಸಣ್ಣ ಕಿಂಡಿಯಿಂದ ರಾಜಗೋಪುರದ ನೆರಳು ತಲೆಕೆಳಗಾಗಿ ಬೀಳುತ್ತದಲ್ಲ, ಅದನ್ನು ತೋರಿಸಲು. ಬೆಳಕಿನ ಪಾಠಕ್ಕೆ ಅದಕ್ಕಿಂತ ಒಳ್ಳೆಯ ಜಾಗ ಎಲ್ಲಿದೆ? ಒಂದು ಸಲ ನಮಗಿಂತ ಮುಂಚೆ ಒಬ್ಬ ಗೈಡ್ ಪ್ರವಾಸಿಗರಿಗೆ ವಿವರಿಸುತ್ತಿದ್ದ: ಈ ಬಿಂದುವಿನಲ್ಲಿ ಬೇರೆ ಆಯಾಮದ ಬಾಗಿಲು ಇದೆಯಂತೆ, ಅಲ್ಲಿ ಎಲ್ಲವೂ ತಲೆಕೆಳಗಂತೆ, ಹಳೆಯ ಕಾಲದವರಿಗೆ ಅದು ಗೊತ್ತಿತ್ತಂತೆ.

ನಾನು ಒಬ್ಬ ಹುಡುಗಿಯ ಬಿಳಿ ವೇಲನ್ನು ಇಬ್ಬರ ಕೈಯಲ್ಲಿ ಹಿಡಿಸಿ ಕಿಂಡಿಗೂ ಗೋಡೆಗೂ ನಡುವೆ ನಿಲ್ಲಿಸಿದೆ. ಗೋಪುರ ಬಂದು ವೇಲಿನ ಮೇಲೆ ಕೂತಿತು. "ಕಿಂಡಿ ಕಡೆ ಸರೀರಿ," ಎಂದೆ. ಸರಿದಂತೆ ಗೋಪುರ ಕುಗ್ಗುತ್ತ ಹೋಯಿತು. ಗೋಪುರದ ತುದಿಯಿಂದ ಹೊರಟ ಬೆಳಕು ಕಿಂಡಿಯಲ್ಲಿ ನೇರವಾಗಿ ತೂರಿ ಕೆಳಗೆ ಬೀಳುತ್ತದೆ, ಬುಡದ್ದು ಮೇಲೆ ಬೀಳುತ್ತದೆ, ಅಷ್ಟೇ. ಪ್ರವಾಸಿಗರು ಗೈಡನ್ನು ಬಿಟ್ಟು ನಮ್ಮ ಕಡೆ ತಿರುಗಿದರು.

ಗೈಡ್ ನನ್ನ ಹತ್ತಿರ ಬಂದು ಪಿಸುಗುಟ್ಟಿದ. "ಅಮ್ಮಾರ, ನೀವು ಹೇಳೋದು ಖರೇನೇ ಐತಿ. ಆದ್ರ ಖರೇ ಹೇಳಿದ್ರ ಎರಡು ನಿಮಿಷಕ್ಕ ಮುಗೀತತಿ. ಆಯಾಮ ಅಂದ್ರ ಅರ್ಧ ತಾಸು ಎಳೀಬಹುದು."

ನನಗೆ ಸಿಟ್ಟೂ ಬಂತು, ನಗುವೂ ಬಂತು. "ಆ ಅರ್ಧ ತಾಸು, ಕ್ಯಾಮೆರಾ ಇಲ್ಲದ ಕಾಲದಾಗ ಬರೇ ಒಂದು ಕಿಂಡಿಯಿಂದ ಇಷ್ಟು ಚಂದ ಚಿತ್ರ ಬೀಳ್ತಿತ್ತು ಅಂತ ಹೇಳಪ್ಪ," ಎಂದೆ. ಆಮೇಲೆ ಮಕ್ಕಳನ್ನು ಸಾಲಾಗಿ ಒಳಗೆ ಕರೆದುಕೊಂಡು ಹೋಗಿ ವಿರೂಪಾಕ್ಷನಿಗೆ ಅಡ್ಡಬಿದ್ದೆ. ಒಬ್ಬ ಹುಡುಗ ಕೇಳಿಯೇ ಬಿಟ್ಟ: "ಮೇಡಂ, ಅಲ್ಲಿ ನಂಬಬ್ಯಾಡ ಅಂದ್ರಿ, ಇಲ್ಲಿ ಕೈ ಮುಗೀತೀರಿ?" "ಮೊದಲು ಮುಗಿ, ಆಮ್ಯಾಲೆ ಕೇಳು," ಎಂದು ತಲೆ ಬಗ್ಗಿಸಿದೆ.

ಇವೆಲ್ಲ ನಗುವ ಮಾತು. ನಗಲಾಗದ ಮಾತು ಮುಂದೆ ಬರುತ್ತದೆ.

ನನ್ನ ಸೇವೆಯ ಕೊನೆಯ ವರ್ಷಗಳಲ್ಲಿ ಬಂದ ಪ್ರಾಂಶುಪಾಲರಿಗೆ ಕಾರ್ಯಕ್ರಮಗಳ ಹುಚ್ಚು. ವೇದಿಕೆ, ಶಾಲು, ಫೋಟೊ. ಒಂದು ದಿನ ವಿಜ್ಞಾನ ಮತ್ತು ಅಧ್ಯಾತ್ಮದ ಬಗ್ಗೆ ಉಪನ್ಯಾಸ ಎಂದು ಒಬ್ಬರನ್ನು ಕರೆಸಿದರು. ಎಲ್ಲರೂ ಅವರನ್ನು ಗುರೂಜಿ ಎನ್ನುತ್ತಿದ್ದರು. ಬಿಳಿ ಜುಬ್ಬ, ಕಿವಿಯ ಹತ್ತಿರ ಮೈಕು, ಒಳ್ಳೆಯ ಕನ್ನಡ. ಅವರು ನಮ್ಮದೇ ಪಠ್ಯಪುಸ್ತಕವನ್ನು ಎತ್ತಿ ಹಿಡಿದರು.

"ಮಕ್ಕಳೇ, ನಿಮ್ಮ ಮೊದಲನೇ ಅಧ್ಯಾಯದಲ್ಲೇ ಏಳು ಆಯಾಮಗಳಿವೆಯೋ ಇಲ್ಲವೋ?"

"ಅದಾವ್ರೀ!" ಎಂದು ಸಭೆ ಕೂಗಿತು.

"ಊರ್ಧ್ವಲೋಕಗಳು ಎಷ್ಟು?"

"ಏಳು!"

ಚಪ್ಪಾಳೆ. ಪದ ಅದೇ. ಅಳತೆಯ ಪಾಠದಲ್ಲಿ ಆಯಾಮ ಎಂದರೆ ಅಳೆಯುವ ಸಂಗತಿ ಯಾವ ಬಗೆಯದು ಎಂದು: ಉದ್ದವೋ, ತೂಗಿ ತಿಳಿಯುವ ದ್ರವ್ಯರಾಶಿಯೋ, ಕಾಲವೋ, ವಿದ್ಯುತ್ತೋ, ಕೆಲ್ವಿನ್‌ನಲ್ಲಿ ಅಳೆಯುವ ತಾಪವೋ, ಬೆಳಕೋ, ಮೋಲ್‌ನಲ್ಲಿ ಹೇಳುವ ಕಣಗಳ ಎಣಿಕೆಯೋ. ಮೀಟರಿಗೆ ಕಿಲೋಗ್ರಾಂ ಕೂಡಿಸಬಾರದು ಎಂದು ನೆನಪಿಡಲು ಮಾಡಿಕೊಂಡ ಗುರುತು. ಜಾಗದ ದಿಕ್ಕನ್ನು ಹೇಳುವಾಗಲೂ ಆಯಾಮ ಎನ್ನುತ್ತೇವೆ, ಅದು ಬೇರೆ. ಎರಡಕ್ಕೂ ಒಂದೇ ಹೆಸರು ಕೊಟ್ಟು ನಾವೇ ಅವರಿಗೆ ಬಾಗಿಲು ತೆರೆದಿದ್ದೆವು.

ಗುರೂಜಿ ಒಂದೊಂದೇ ಹೊಂದಿಸುತ್ತ ಹೋದರು. ದ್ರವ್ಯರಾಶಿ ಭೂಲೋಕ. ತಾಪವೆಂದರೆ ತಪ, ಅದು ತಪೋಲೋಕ. ಬೆಳಕು ಸತ್ಯಲೋಕ. ನಾನು ಕೂತಲ್ಲಿಂದ ಎದ್ದೆ.

"ಗುರೂಜಿ, ಮೋಲ್ ಯಾವ ಲೋಕ?"

ಅವರು ತಡವರಿಸಲೇ ಇಲ್ಲ. "ಮೋಲ್ ಎಂದರೆ ಎಣಿಕೆ. ಎಣಿಸುವುದು ಯಾರನ್ನು? ಜನರನ್ನು. ಜನಲೋಕ!"

ಸಭಾಂಗಣ ಹಾರಿಹೋಗುವಂಥ ಚಪ್ಪಾಳೆ. ನಾನು ಮೈಕಿಲ್ಲದೆ ಕೂಗಿದೆ: ಪದ ಒಂದೇ, ಅರ್ಥ ಬೇರೆ, ನಾಳೆ ಪರೀಕ್ಷೆಯಲ್ಲಿ ಹೀಗೆ ಬರೆದರೆ ಸೊನ್ನೆ ಸಿಗುತ್ತದೆ. ಪ್ರಾಂಶುಪಾಲರು ವೇದಿಕೆಯಿಂದಲೇ ಕೈ ಆಡಿಸಿದರು. "ಕುಂದ್ರಿ ಮೇಡಂ. ದಿನಾ ಪೂಜಿ ಮಾಡೋರು ನೀವು. ನಿಮಗೇನಾತ್ರಿ?"

ನನಗೆ ಏನಾಯಿತೆಂದು ಈಗ ಹೇಳುತ್ತೇನೆ. ನಾನು ಪೂಜೆ ಮಾಡುವವಳಾದ್ದರಿಂದಲೇ ಹೆಚ್ಚು ಉರಿಯಿತು. ನನ್ನ ದೇವರನ್ನು ತಂದು ಮೋಲ್ ಮತ್ತು ಕೆಲ್ವಿನ್ ನಡುವೆ ಕೂರಿಸಲು ಇವರಿಗೆ ಯಾರು ಹೇಳಿದ್ದರು? ಪಠ್ಯಪುಸ್ತಕದ ಸಾಕ್ಷಿ ಬೇಕಾಗುವಷ್ಟು ಬಡವನೇ ಆತ?

ಉಪನ್ಯಾಸ ಮುಗಿದ ಮೇಲೆ ಗುರೂಜಿ ಪೋಷಕರನ್ನು ಕಂಡರು. ಅಲ್ಲಿ ಹುಲಿಗೆಮ್ಮ ಇದ್ದಳು. ಕಂಪ್ಲಿಯಲ್ಲಿ ರವಿಕೆ ಹೊಲಿಯುವ ಹೆಣ್ಣುಮಗಳು. ಗಂಡ ಸಂಡೂರಿನ ಗಣಿಯ ಲಾರಿ ಓಡಿಸುತ್ತ ವಾರಕ್ಕೊಮ್ಮೆ ಮನೆಗೆ ಬರುವವನು. ಅವರ ಮಗಳು ರೇಣುಕಾ ನನ್ನ ವಿದ್ಯಾರ್ಥಿನಿ. ದಿನಾ ಕಂಪ್ಲಿಯಿಂದ ಬಸ್ಸಿನಲ್ಲಿ ಬರುತ್ತಿದ್ದಳು. ಚಿಕ್ಕಂದಿನಿಂದ ಫಿಟ್ಸ್. ಗುಳಿಗೆಯಿಂದ ಹಿಡಿತದಲ್ಲಿತ್ತು. ತಾಯಿ ಗುರೂಜಿಯ ಮುಂದೆ ಮಗಳ ಕಷ್ಟ ಹೇಳಿಕೊಂಡಿದ್ದಳಂತೆ. ಇದು ಯಾವುದೂ ಆ ದಿನ ನನಗೆ ತಿಳಿಯಲಿಲ್ಲ.

ತಿಳಿದದ್ದು ಕೆಲವು ವಾರಗಳ ನಂತರ, ಲೋಲಕದ ಪ್ರಯೋಗ ನಡೆಯುವಾಗ. ರೇಣುಕಾ ಸ್ಟಾಪ್‌ವಾಚ್ ಹಿಡಿದವಳು "ಮೇಡಂ, ಸುಟ್ಟ ವಾಸನಿ" ಎಂದಳು. ಮರುಗಳಿಗೆ ನೆಲದ ಮೇಲಿದ್ದಳು, ಮೈಯೆಲ್ಲ ಅದುರುತ್ತಿತ್ತು. ಜವಾನ ಬೀಗದ ಗೊಂಚಲು ಹಿಡಿದು ಓಡಿ ಬಂದ, ಕೈಗೆ ಕಬ್ಬಿಣ ಕೊಡಲು.

"ಕಬ್ಬಿಣ ಬ್ಯಾಡ, ಬಾಯಾಗ ಏನೂ ಹಾಕಬ್ಯಾಡ್ರಿ! ಸ್ಟೂಲ್ ಸರಸ್ರಿ!" ಎಂದು ಕೂಗಿ, ತಲೆಯ ಕೆಳಗೆ ನನ್ನ ಸೆರಗು ಇಟ್ಟು, ಅದುರುವುದು ನಿಂತ ಮೇಲೆ ಪಕ್ಕಕ್ಕೆ ಹೊರಳಿಸಿದೆ. ಹಣೆ ಸ್ಟ್ಯಾಂಡಿಗೆ ತಾಗಿ ಸೀಳಿತ್ತು. ಕಣ್ಣಿಗೆ ತಾಗಲಿಲ್ಲ. ಹಾಗೆ ಕೂತಿದ್ದಾಗ ಮನಸ್ಸಿನಲ್ಲಿ ವಿರೂಪಾಕ್ಷನಿಗೆ ಅದೊಂದಕ್ಕಾಗಿ ಕೈ ಮುಗಿದೆ. ಎಚ್ಚರವಾದ ಮೇಲೆ ಕೇಳಿದೆ: ಗುಳಿಗೆ ತಗೊಂಡಿಯೇನವ್ವ? ಅವಳು ಮುಖ ತಿರುಗಿಸಿದಳು. "ಅವ್ವ ಬಿಡಿಸ್ಯಾಳ್ರಿ. ಗುರೂಜಿ ಹೇಳ್ಯಾರ, ನನಗ ಐದನೇ ಆಯಾಮ ಕಾಣ್ತದಂತ. ಗುಳಿಗಿ ನುಂಗಿದ್ರ ಬಾಗಲಾ ಮುಚ್ತದಂತ."

ಪ್ರಾಂಶುಪಾಲರ ಕೋಣೆಗೆ ಹೋದೆ. ಅವರು ಬಾಗಿಲು ಹಾಕಿಸಿದರು. "ಇದನ್ನ ಹೊರಗ ಹೇಳಬ್ಯಾಡ್ರಿ. ಕಾಲೇಜಿನ ಹೆಸರು ಐತಿ."

"ಹುಡುಗಿ ಹೆಸರೂ ಒಂದೈತ್ರಿ ಸರ್. ರೇಣುಕಾ."

"ಗುರೂಜಿ ಗುಳಿಗಿ ಬಿಡು ಅಂತ ಬರಕೊಟ್ಟಾರೇನು? ತಾಯಿ ತಪ್ಪು ತಿಳಕೊಂಡಾಳ."

ಜಾಗ ಕೊಟ್ಟವರು, ಮೈಕು ಕೊಟ್ಟವರು, ಶಾಲು ಹೊದಿಸಿದವರು ಇವರು. ತಪ್ಪು ಮಾತ್ರ ಹೊಲಿಗೆ ಹೊಲಿಯುವ ತಾಯಿಯದು! ಆ ದಿನಕ್ಕೆಂದೇ ನಾನು ಸಿಟ್ಟು ಉಳಿಸಿಟ್ಟಿದ್ದೆನೇನೋ. ಅಲ್ಲಿ ಏನೇನು ಅಂದೆನೋ ಅದನ್ನೆಲ್ಲ ಅಚ್ಚು ಹಾಕಿಸಲು ಬರುವುದಿಲ್ಲ. ಹಣೆಗೆ ಹೊಲಿಗೆ ಹಾಕಿಸಿ, ಅದೇ ಮಧ್ಯಾಹ್ನ ಹುಡುಗಿಯನ್ನು ಕರೆದುಕೊಂಡು ಕಂಪ್ಲಿ ಬಸ್ಸು ಹತ್ತಿದೆ.

ಹುಲಿಗೆಮ್ಮ ಮಷೀನಿನ ಮುಂದೆ ಇದ್ದಳು. ಮಗಳ ಹಣೆಯ ಪಟ್ಟಿ ನೋಡಿ ಅತ್ತಳು. ಅತ್ತು ಮುಗಿದ ಮೇಲೆ ನನ್ನ ಮೇಲೆ ತಿರುಗಿದಳು.

"ಟೀಚರ್, ನೀವು ರೋಗ ಅನ್ನಬ್ಯಾಡ್ರಿ. ರೋಗ ಅಂದ್ರ ಈಕಿನ ಯಾರ ಮಾಡ್ಕೊಂತಾರ? ಇಷ್ಟು ವರ್ಷ ಓಣ್ಯಾಗ ಫಿಟ್ಸ್ ಹುಡುಗಿ, ಫಿಟ್ಸ್ ಹುಡುಗಿ ಅಂತಿದ್ರು. ಐದನೇ ಆಯಾಮ ಅಂದ ಮ್ಯಾಲೆ ಅದೇ ಮಂದಿ ಬಂದು ಕೈ ಮುಗೀತಾರ."

ಗುರುತ್ವದ ಪ್ರಯೋಗದ ಕಥೆ ಅಲ್ಲಿ ಯಾರಿಗೆ ಬೇಕು? ಗುರೂಜಿ ಮಾರಿದ್ದು ಮರ್ಯಾದೆಯನ್ನು. ನಾನು ಕೊಡಲು ತಂದದ್ದು ರೋಗದ ಹೆಸರು.

"ನೀವು ಪೂಜಿ ಮಾಡ್ತೀರಂತಲ್ಲ," ಎಂದಳು ಹುಲಿಗೆಮ್ಮ. "ನಿಮಗ ದೇವರು ಕಂಡಾನೇನು?"

"ಇಲ್ಲವ್ವ."

"ಮತ್ತ ಹೆಂಗ ನಂಬ್ತೀರಿ?"

"ಕಂಡಿಲ್ಲ ಅಂತ ಗೊತ್ತಿದ್ದೇ ಕೈ ಮುಗೀತೀನಿ. ಕಂಡೀನಿ, ಅಳದೀನಿ ಅಂತ ಯಾರ ಮಗಳ ಗುಳಿಗಿನೂ ಬಿಡ್ಸಿಲ್ಲ."

ಹಂಪಿಯಲ್ಲಿ ಹುಡುಗನಿಗೆ ಕೊಡಲಾಗದ ಉತ್ತರ ಅದು. ಸರಿಯಾಗಿಯೇ ಇತ್ತು, ಆದರೆ ಹುಲಿಗೆಮ್ಮ ಕದಲಲಿಲ್ಲ. ಕದಲಿಸಿದ್ದು ಗೋಡೆಗೆ ಒರಗಿ ಕೂತಿದ್ದ ರೇಣುಕಾ.

"ಅವ್ವ, ನನಗ ಏನೂ ಕಾಣಲ್ಲ," ಎಂದಳು. "ಸುಟ್ಟ ವಾಸನಿ ಬರ್ತದ. ಆಮ್ಯಾಲೆ ಏನೂ ಇಲ್ಲ. ಎದ್ದಾಗ ನಾಲಿಗಿ ಕಚ್ಚಿರ್ತದ."

"ಬೆಳಕು ಕಾಣ್ತದ ಅಂದಿದ್ದೆಲ್ಲಲೇ ಗುರೂಜಿ ಮುಂದ?"

"ಅವರು ಕೇಳಿದ್ರು, ಬೆಳಕು ಕಾಣ್ತದೇನು ಅಂತ. ನೀ ನನ್ನ ಮಾರಿ ನೋಡಾಕತ್ತಿದ್ದಿ. ಇಲ್ಲ ಅಂದ್ರ ಅಳ್ತೀ ಅಂತ ಹ್ಞೂಂ ಅಂದೆ."

ಹುಲಿಗೆಮ್ಮ ಮಷೀನು ಮುಚ್ಚಿ ಎದ್ದು, ಟ್ರಂಕಿನಿಂದ ಡಾಕ್ಟರ ಹಳೆಯ ಚೀಟಿ ಹುಡುಕಿ ತೆಗೆದಳು. ಗುರೂಜಿಯ ಇಡೀ ಐದನೇ ಆಯಾಮ ನಿಂತದ್ದು ಈ ಹುಡುಗಿ ತಾಯಿಗಾಗಿ ಅಂದ ಒಂದು ಹ್ಞೂಂ ಮೇಲೆ. ಮಾರನೇ ಬೆಳಿಗ್ಗೆ ಮೂವರೂ ಹೊಸಪೇಟೆಯ ಡಾಕ್ಟರ ಬಳಿ ಇದ್ದೆವು. ಡಾಕ್ಟರು ಬೈದರು, ಮತ್ತೆ ಗುಳಿಗೆ ಶುರುಮಾಡಿದರು.

ಗುರೂಜಿ ಇನ್ನೂ ಉಪನ್ಯಾಸ ಕೊಡುತ್ತಾರೆ. ಪ್ರಾಂಶುಪಾಲರು ನನ್ನನ್ನು ಆ ವರ್ಷದ ಎಲ್ಲ ಸಮಿತಿಗಳಿಂದ ತೆಗೆದರು. ಸಂಜೆ ಬೇಗ ಮನೆಗೆ ಬರಲು ಆಯಿತು. ಕಿರಿಯರೇ, ಪಾಠದಿಂದ ನೀವು ಜಗತ್ತನ್ನು ತಿದ್ದುತ್ತೀರಿ ಎಂದು ನಾನು ಹೇಳುವುದಿಲ್ಲ. ಎರಡು ಆಯಾಮಗಳ ವ್ಯತ್ಯಾಸವನ್ನು ಮಾತ್ರ ಮೊದಲ ವಾರವೇ, ಯಾರೂ ಕೇಳುವ ಮುನ್ನವೇ ಹೇಳಿಬಿಡಿ. ಅದಷ್ಟು ನಿಮ್ಮ ಕೈಯಲ್ಲಿದೆ.

ರೇಣುಕಾ ಪದವಿ ಮುಗಿಸಿ ಕಂಪ್ಲಿಯಲ್ಲೇ ಒಂದು ಶಾಲೆಯಲ್ಲಿ ಕಲಿಸುತ್ತಾಳೆ. ಮೊನ್ನೆ ಅವಳನ್ನು ನೋಡಲು ಗಂಡಿನವರು ಬಂದಿದ್ದರು. ಚಹಾ ಕೊಟ್ಟು ಇವಳೇ ಹೇಳಿದಳಂತೆ: ನನಗೆ ಫಿಟ್ಸ್ ಇದೆ, ಗುಳಿಗೆ ತಗೊಳ್ಳುತ್ತೇನೆ, ಬಹಳ ದಿನದಿಂದ ಬಂದಿಲ್ಲ. ಅವರು ಚಹಾ ಕುಡಿದು ಎದ್ದು ಹೋದರು. ಮಾರನೇ ದಿನ ನಾನು ದೇವರ ಮುಂದೆ ದೀಪಕ್ಕೆ ಎಣ್ಣೆ ಹಾಕುತ್ತಿದ್ದಾಗ ಹುಲಿಗೆಮ್ಮನ ಫೋನು.

"ಟೀಚರ್, ನಿಮ್ಮಿಂದಾನೇ ಆಗಿದ್ದು! ಖರೇ ಹೇಳು, ಖರೇ ಹೇಳು ಅಂತ ಕಲಿಸಿದ್ರಿ. ಬಂದ ಮಂದಿ ಎದ್ದು ಹೋದ್ರು. ಈಗ ನಾ ಏನ್ ಮಾಡ್ಲಿ? ಯಾರಿಗೆ ಹೇಳ್ಲಿ?"

ಬೈದಳು. ತಡೆಯದೆ ಬೈದಳು. ಬಾಯಿ ಒಣಗುವವರೆಗೆ ಬೈದಳು. ಎದ್ದು ಹೋದವರ ಮೇಲೆ ಹೋಗಬೇಕಾದ ಸಿಟ್ಟು ನನ್ನ ಮೇಲೆ ಬರುತ್ತಿದೆ ಎಂದು ಗೊತ್ತಿತ್ತು. ಬರಲಿ ಎಂದು ಕೇಳಿಸಿಕೊಂಡೆ. ಕೊನೆಗೆ ಆ ಕಡೆ ಮೂಗು ಒರೆಸಿಕೊಂಡ ಸದ್ದು.

"ಗುಳಿಗಿ ಮುಗಿಯಾಕ ಬಂದಾವ," ಎಂದಳು. "ನಾಳಿಗೆ ಅಕಿನ ಕರಕೊಂಡು ಡಾಕ್ಟರ ಕಡೆ ಬರ್ತೀನಿ. ಊಟಕ್ಕ ನಿಮ್ಮ ಮನೀಗೇ ಬರ್ತೀವಿ. ಸಾರಿಗೆ ಖಾರ ಜಾಸ್ತಿ ಹಾಕಬ್ಯಾಡ್ರಿ, ಅಕಿಗೆ ಆಗಂಗಿಲ್ಲ."